ಮುಲ್ತಾತುಲಿ ಹುಟ್ಟಿದ ಮನೆ: ನೋಡಲು ಹೋಗುವ ಮುನ್ನ

ಪ್ರಶ್ನೆ: ನಾನು ಸಕಲೇಶಪುರದ ಕಡೆಯ ನಿವೃತ್ತ ಇಂಗ್ಲಿಷ್ ಉಪನ್ಯಾಸಕ. ಮನೆಯಲ್ಲಿ ಅಜ್ಜನ ಕಾಲದಿಂದ ಕಾಫಿ ತೋಟವಿದೆ. ಮಗಳ ಮನೆಗೆಂದು ಮೂರು ವಾರಗಳ ಮಟ್ಟಿಗೆ ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದೇನೆ. ‘ಮ್ಯಾಕ್ಸ್ ಹಾವಲಾರ್’ ಎಂಬ ಕಾದಂಬರಿಯನ್ನು ಬರೆದ ಮುಲ್ತಾತುಲಿಯ ಮನೆಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ಕೇಳಿದ್ದೇನೆ. ನನಗೆ ಡಚ್ ಬಾರದು, ಕಾದಂಬರಿಯನ್ನು ಇನ್ನೂ ಓದಿಲ್ಲ. ತೀರ ಚಿಕ್ಕ ಜಾಗ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ಅಳಿಯಂದಿರು ಹೇಳುತ್ತಾರೆ. ಹೋಗುವುದು ಸಾರ್ಥಕವೇ? ಹೋದರೆ ಏನನ್ನು ನೋಡಬೇಕು? ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ; ತೋಟದ ಕಾಫಿ ಪುಡಿಯನ್ನು ಒಯ್ದರೆ ತಪ್ಪಾದೀತೇ?

ಉತ್ತರ: ಖಂಡಿತ ಹೋಗಿ, ಆದರೆ ಓದಿಕೊಂಡು ಹೋಗಿ. ಓದದೆ ಹೋದರೆ ನಿಮ್ಮ ಅಳಿಯಂದಿರು ಹೇಳಿದ ಅರ್ಧ ಗಂಟೆಯೂ ಹೆಚ್ಚಾದೀತು. ಕಾದಂಬರಿಯ ಐದಾರು ಅಧ್ಯಾಯಗಳನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಎರಡು ಗಂಟೆ ಸಾಲದು. ದೊಡ್ಡ ಸಂಗ್ರಹಾಲಯಗಳು ಬಂದವರಿಗೆ ಏನೂ ತಿಳಿದಿಲ್ಲವೆಂದು ಎಣಿಸಿಯೇ ಗೋಡೆಯ ತುಂಬ ವಿವರಗಳನ್ನು ಬರೆದಿರುತ್ತವೆ. ಲೇಖಕರ ಮನೆಗಳ ರೀತಿ ಬೇರೆ. ಅಲ್ಲಿ ಒಂದು ಮೇಜು, ಒಂದು ಕಪಾಟು, ನಾಲ್ಕು ಚಿತ್ರಗಳು ಇರುತ್ತವೆ. ಅವುಗಳಿಗೆ ಅರ್ಥ ಬರುವುದು ನೋಡುವವನು ಓದಿದ್ದರಿಂದ. ಕುಪ್ಪಳಿಯ ಕವಿಮನೆಗೆ ಪ್ರವಾಸದ ಬಸ್ಸಿನಲ್ಲಿ ಬಂದವರು ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಟುಬಿಡುವುದನ್ನೂ, ಕುವೆಂಪು ಅವರನ್ನು ಓದಿದವರು ಒಂದು ಕಂಬದ ಬಳಿ ಹತ್ತು ನಿಮಿಷ ನಿಲ್ಲುವುದನ್ನೂ ನೀವೇ ಕಂಡಿರಬಹುದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಕೋರ್ಶಸ್‌ಪೋರ್ಟ್ ಓಣಿಯ 20ನೆಯ ಸಂಖ್ಯೆಯ ಆ ಮನೆ ಮುಲ್ತಾತುಲಿ ಬರೆದ ಮನೆಯಲ್ಲ, ಹುಟ್ಟಿದ ಮನೆ. ಎಡ್ವರ್ಡ್ ಡೌವೆಸ್ ಡೆಕ್ಕರ್ ಎಂಬುದು ಅವನ ನಿಜವಾದ ಹೆಸರು. ತಂದೆ ಹಡಗಿನ ಕಪ್ತಾನ. ಮಗ ಹುಟ್ಟಿದ್ದು 1820ರ ಮಾರ್ಚ್ 2ರಂದು. ಹದಿನೆಂಟು ತುಂಬಿದ ಮೇಲೆ ತಂದೆಯ ಹಡಗಿನಲ್ಲೇ ಪೂರ್ವದ್ವೀಪಗಳಿಗೆ, ಅಂದರೆ ಇಂದಿನ ಇಂಡೋನೇಷ್ಯಾಕ್ಕೆ ಹೊರಟು, 1839ರ ಆರಂಭದಲ್ಲಿ ಬಟಾವಿಯಾ (ಇಂದಿನ ಜಕಾರ್ತ) ತಲುಪಿ, ಡಚ್ ವಸಾಹತು ಸರ್ಕಾರದ ಗುಮಾಸ್ತನಾಗಿ ಸೇರಿದ. ಮುಂದೆ ಅವನಿಗೆ ನೆಲೆಯಾದ ಮನೆ ಎಂಬುದು ಬಹಳ ಕಾಲ ಇರಲೇ ಇಲ್ಲ. ಕಾದಂಬರಿಯನ್ನು ಬರೆದದ್ದು 1859ರ ಶರತ್ಕಾಲದಲ್ಲಿ, ಬ್ರಸೆಲ್ಸ್ ನಗರದ ಒಂದು ಅಗ್ಗದ ವಸತಿಗೃಹದಲ್ಲಿ, ಕೆಲವೇ ವಾರಗಳ ಅವಧಿಯಲ್ಲಿ. ತೀರಿಕೊಂಡದ್ದು 1887ರ ಫೆಬ್ರವರಿ 19ರಂದು, ಜರ್ಮನಿಯ ನೀಡರ್-ಇಂಗಲ್‌ಹೈಮ್ ಎಂಬಲ್ಲಿ. ಹಾಗಾಗಿ ‘ಇದೇ ಕುರ್ಚಿಯಲ್ಲಿ ಕುಳಿತು ಇದೇ ಕಿಟಕಿಯಿಂದ ನೋಡುತ್ತ ಬರೆದ’ ಎಂಬ ಬಗೆಯ ರೋಮಾಂಚನವನ್ನು ಈ ಮನೆಯಿಂದ ನಿರೀಕ್ಷಿಸಬೇಡಿ. 1975ರಿಂದ ಅಲ್ಲಿ ಸಂಗ್ರಹಾಲಯವಿದೆ. ಅಲ್ಲಿನ ವಸ್ತುಗಳು ಬೇರೆ ಬೇರೆ ಊರುಗಳಲ್ಲಿ ಬಾಳಿದ ಒಂದು ಅಲೆದಾಟದ ಬದುಕಿನಿಂದ ಉಳಿದು ಬಂದವು.

ನಾನು ಹೆಚ್ಚು ಹೊತ್ತು ನಿಂತದ್ದು ಅವನು ಕೊನೆಯುಸಿರೆಳೆದ ಸೋಫಾದ ಮುಂದೆ. ಅದು ಒಬ್ಬರು ಕಾಲು ಚಾಚಿ ಒರಗುವಂಥ ಹಳೆಯ ಕಾಲದ ಆಸನ. ಆಸ್ತಮಾದಿಂದ ಬಳಲುತ್ತಿದ್ದವನು ಹಾಸಿಗೆಗಿಂತ ಇಂಥದನ್ನು ಏಕೆ ಬಯಸುತ್ತಾನೆ ಎಂಬುದು, ಮನೆಯಲ್ಲಿ ದಮ್ಮಿನ ರೋಗಿಯನ್ನು ಕಂಡ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಸುತ್ತ ಅವನ ಪುಸ್ತಕಗಳು, ಭಾವಚಿತ್ರಗಳು, ನಾನಾ ಭಾಷೆಗಳ ಅನುವಾದಗಳು. ಹಸ್ತಪ್ರತಿಗಳನ್ನು ಮಾತ್ರ ಇಲ್ಲಿ ಹುಡುಕಬೇಡಿ; ಅವನ ಕೈಬರಹದ ಕಾಗದಪತ್ರಗಳ ಮುಖ್ಯ ಸಂಗ್ರಹ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿಶೇಷ ಸಂಗ್ರಹ ವಿಭಾಗದಲ್ಲಿದೆ. ಅವನ ದೇಹವನ್ನು ಜರ್ಮನಿಯ ಗೋಥಾ ನಗರದಲ್ಲಿ ದಹನ ಮಾಡಿದರು. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ಶವದಹನ ನಡೆದದ್ದೇ 1914ರಲ್ಲಿ; ಆ ಕಾಲದ ಡಚ್ ಸಮಾಜಕ್ಕೆ ಅದು ಕೂಡ ಅವನ ಕೊನೆಯ ಉದ್ಧಟತನಗಳಲ್ಲಿ ಒಂದಾಗಿ ಕಂಡಿತು.

ಇನ್ನು ಓದಿನ ವಿಷಯ. ‘ಮ್ಯಾಕ್ಸ್ ಹಾವಲಾರ್’ ಪ್ರಕಟವಾದದ್ದು 1860ರಲ್ಲಿ. ಅದರ ಉಪಶೀರ್ಷಿಕೆ ‘ಡಚ್ ವ್ಯಾಪಾರ ಸಂಘದ ಕಾಫಿ ಹರಾಜುಗಳು’ ಎಂದು. ತೋಟದ ಮನೆಯವರಾದ ನೀವು ಇದನ್ನು ನೋಡಿ ಕಾಫಿಯ ಕಥೆಯೆಂದು ಭ್ರಮಿಸುವ ಸಂಭವ ಹೆಚ್ಚು. ಲೇಖಕ ಬಯಸಿದ್ದೂ ಅದನ್ನೇ. ಮೊದಲ ವಾಕ್ಯದಲ್ಲಿ ಮಾತಾಡುವವನು ಬಟಾವಸ್ ಡ್ರೋಖ್‌ಸ್ಟಾಪಲ್ ಎಂಬ ಕಾಫಿ ದಲ್ಲಾಳಿ. ತಾನು ಕಾಫಿ ದಲ್ಲಾಳಿಯೆಂದೂ, ಲೌರಿರ್ ಕಾಲುವೆಯ 37ನೆಯ ಸಂಖ್ಯೆಯ ಮನೆಯಲ್ಲಿರುವೆನೆಂದೂ ಹೇಳಿ, ಕಥೆ ಕವಿತೆಗಳೆಲ್ಲ ಸುಳ್ಳಿನ ಕಂತೆಯೆಂದು ಜರಿಯುತ್ತಾನೆ. ಅವನ ಹೆಸರಿನ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಒಣ ಕೂಳೆ’ ಎನ್ನಬೇಕು. ಪೈರು ಕೊಯ್ದ ಮೇಲೆ ಗದ್ದೆಯಲ್ಲಿ ಕಾಲಿಗೆ ಚುಚ್ಚುತ್ತ ಉಳಿಯುತ್ತದಲ್ಲ, ಅದು. ಈ ದಲ್ಲಾಳಿಗೆ ಬೀದಿಯಲ್ಲಿ ಅವನ ಹಳೆಯ ಸಹಪಾಠಿಯೊಬ್ಬ ಎದುರಾಗುತ್ತಾನೆ. ಚಳಿಗೆ ಕೋಟು ಕೂಡ ಇಲ್ಲದೆ ಶಾಲು ಹೊದ್ದಿರುವ ಆ ಬಡವ ತಾನು ಬರೆದ ಕಾಗದಗಳ ದೊಡ್ಡ ಗಂಟೊಂದನ್ನು ಕಳುಹಿಸಿಕೊಡುತ್ತಾನೆ. ಗಂಟಿನಲ್ಲಿ ಕಾಫಿ ವ್ಯಾಪಾರಕ್ಕೆ ಉಪಯೋಗವಾಗುವ ಮಾಹಿತಿ ಇದೆಯೆಂದು ಭಾವಿಸಿದ ಡ್ರೋಖ್‌ಸ್ಟಾಪಲ್ ಅದರಿಂದ ಒಂದು ಪುಸ್ತಕ ಮಾಡಲು ತನ್ನ ಕಚೇರಿಯ ಜರ್ಮನ್ ಯುವಕನಿಗೆ ಒಪ್ಪಿಸುತ್ತಾನೆ. ಆದರೆ ಆ ಕಾಗದಗಳಿಂದ ಹೊರಬರುವುದು ಜಾವಾದ ರೈತರ ಗೋಳು. ದಲ್ಲಾಳಿ ನಡುನಡುವೆ ಬಾಯಿ ಹಾಕಿ ‘ಇದರಲ್ಲಿ ಕಾಫಿ ಎಲ್ಲಿದೆ?’ ಎಂದು ಕಿಡಿಕಾರುತ್ತಲೇ ಇರುತ್ತಾನೆ. ಓದುಗರನ್ನು ಕಾಫಿಯ ಆಸೆ ತೋರಿಸಿ ಒಳಗೆ ಕರೆದು ಬಾಗಿಲು ಹಾಕುವ ಈ ಕೌಶಲವನ್ನು, ಇಂಗ್ಲಿಷ್ ಪಾಠ ಹೇಳಿದ ನೀವು ನನಗಿಂತ ಚೆನ್ನಾಗಿ ಸವಿಯಬಲ್ಲಿರಿ.

ಕಥೆಯ ಹಿಂದಿರುವ ಸಂಗತಿ ಇಷ್ಟು. ಡೆಕ್ಕರ್ 1856ರ ಜನವರಿಯಲ್ಲಿ ಪಶ್ಚಿಮ ಜಾವಾದ ಲೆಬಾಕ್ ಜಿಲ್ಲೆಗೆ ಸಹಾಯಕ ರೆಸಿಡೆಂಟ್, ಅಂದರೆ ಜಿಲ್ಲೆಯ ಡಚ್ ಆಡಳಿತಾಧಿಕಾರಿ ಆಗಿ ಬಂದ. ಅಲ್ಲಿನ ಸ್ಥಳೀಯ ಅಧಿಪತಿಯೂ ಅವನ ಕೈಕೆಳಗಿನವರೂ ರೈತರ ಎಮ್ಮೆಗಳನ್ನು ಬೆಲೆ ಕೊಡದೆ ಎಳೆದೊಯ್ಯುತ್ತಾರೆ, ಕೂಲಿಯಿಲ್ಲದ ಬಿಟ್ಟಿ ದುಡಿಮೆ ಮಾಡಿಸುತ್ತಾರೆ ಎಂದು ಅವನು ಮೇಲಧಿಕಾರಿಗೆ ದೂರು ಕೊಟ್ಟ. ಬಟಾವಿಯಾದ ಗವರ್ನರ್ ಜನರಲ್ ಆ ಅಧಿಪತಿಯನ್ನು ಬಿಟ್ಟು ದೂರು ಕೊಟ್ಟವನನ್ನೇ ವರ್ಗ ಮಾಡಲು ಹೊರಟಾಗ ಡೆಕ್ಕರ್ ರಾಜೀನಾಮೆ ಎಸೆದು ಹೊರಬಂದ. ಬಂದು ಮೂರು ತಿಂಗಳೂ ಆಗಿರಲಿಲ್ಲ. ‘ಮುಲ್ತಾತುಲಿ’ ಎಂಬ ಲ್ಯಾಟಿನ್ ಹೆಸರಿಗೆ ‘ಬಹಳ ಸಹಿಸಿದ್ದೇನೆ’ ಎಂದರ್ಥ. ಸಹಿಸಿದ್ದು ಅವನೋ ಲೆಬಾಕ್‌ನ ರೈತರೋ ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿಯೇ ಕೇಳಿದವರಿದ್ದರು, ಕೇಳಬೇಕಾದದ್ದೇ.

ಸಮಯ ಕಡಿಮೆಯಿದ್ದರೆ ಮೂರು ಭಾಗಗಳನ್ನು ಓದಿ. ಒಂದು, ಡ್ರೋಖ್‌ಸ್ಟಾಪಲ್ ಮಾತಾಡುವ ಆರಂಭದ ಅಧ್ಯಾಯಗಳು. ಎರಡು, ಕಾದಂಬರಿಯಲ್ಲಿ ಡೆಕ್ಕರನ ಪ್ರತಿರೂಪವಾದ ಹಾವಲಾರ್ ಲೆಬಾಕ್‌ನ ಮುಖ್ಯಸ್ಥರನ್ನು ಕೂಡಿಸಿ ಮಾಡುವ ಭಾಷಣ. ಮೂರು, ಸೈಜಾ ಮತ್ತು ಅದಿಂದಾ ಎಂಬ ಹಳ್ಳಿಯ ಹುಡುಗ ಹುಡುಗಿಯರ ಕಥೆ. ಮಿಕ್ಕದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಸೈಜಾನ ತಂದೆಯ ಎಮ್ಮೆಗಳನ್ನು ಒಂದಾದ ಮೇಲೊಂದರಂತೆ ಕಸಿದುಕೊಳ್ಳುತ್ತಾರೆ. ಹುಲಿ ಮೇಲೆರಗಿದಾಗ ಹುಡುಗನನ್ನು ತನ್ನ ಹೊಟ್ಟೆಯಡಿಯಲ್ಲಿ ಕಾಯ್ದ ಎಮ್ಮೆಯೂ ಹಾಗೆಯೇ ಹೋಗುತ್ತದೆ. ಮದುವೆಗೆ ಮುಂಚೆ ಎಮ್ಮೆ ಕೊಳ್ಳುವಷ್ಟು ಹಣ ಗಳಿಸಿ ತರುವೆನೆಂದು ಸೈಜಾ ಬಟಾವಿಯಾಕ್ಕೆ ಹೋಗುತ್ತಾನೆ; ಅದಿಂದಾ ತನ್ನ ಭತ್ತ ಕುಟ್ಟುವ ಒರಳಿನ ಮರದ ಮೇಲೆ ತಿಂಗಳಿಗೊಂದು ಗೀಟು ಹಾಕುತ್ತ ಮೂವತ್ತಾರು ಎಣಿಸುತ್ತಾಳೆ. ಅವನು ಹಿಂತಿರುಗಿ ಮಾತು ಕೊಟ್ಟ ಮರದಡಿಯಲ್ಲಿ ಕಾದಾಗ ಅವಳಿಲ್ಲ. ಮುಂದಿನದನ್ನು ನೀವೇ ಓದಿ. ಎತ್ತು ಮಾರಿದ ದಿನ ಮನೆಯಲ್ಲಿ ಒಲೆ ಹೊತ್ತದಿದ್ದುದನ್ನು ಕಂಡವರಿಗೆ ಈ ಕಥೆ ಪರದೇಶದ್ದಾಗಿ ಉಳಿಯುವುದಿಲ್ಲ.

ನಿಮಗೆ ಡಚ್ ಬಾರದೆಂಬುದು ದೊಡ್ಡ ಅಡ್ಡಿಯಲ್ಲ. ಮೊದಲ ಇಂಗ್ಲಿಷ್ ಅನುವಾದ 1868ರಲ್ಲೇ ಎಡಿನ್‌ಬರೋದಲ್ಲಿ ಅಚ್ಚಾಯಿತು. ಹಕ್ಕುಸ್ವಾಮ್ಯ ತೀರಿರುವುದರಿಂದ ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಭಾಷೆ ಮಾತ್ರ ಸ್ವಲ್ಪ ಮಾಸಿದೆ. ಕೈಗೆಟಕುವುದಾದರೆ 2019ರಲ್ಲಿ ಬಂದ ಇನಾ ರಿಲ್ಕ ಮತ್ತು ಡೇವಿಡ್ ಮೆಕ್‌ಕೇ ಅವರ ಅನುವಾದವನ್ನು ಕೊಳ್ಳಿ. ದಲ್ಲಾಳಿಯ ಒಣ ಹಾಸ್ಯ ಅದರಲ್ಲಿ ಜೀವಂತವಾಗಿದೆ.

ಸಂಗ್ರಹಾಲಯದ ಅಚ್ಚಾದ ಪ್ರತಿಗಳ ನಡುವೆ 1860ರ ಮೊದಲ ಮುದ್ರಣವನ್ನು ತೋರಿಸುವಂತೆ ಕೇಳಿ ನೋಡಿ. ಅದರ ಹಿಂದೆ ಒಂದು ಕಹಿ ಪ್ರಸಂಗವಿದೆ. ಪುಸ್ತಕವನ್ನು ಅಚ್ಚಿಗೆ ತಂದವನು ಯಾಕೋಬ್ ವಾನ್ ಲೆನಪ್ ಎಂಬ ಪ್ರಸಿದ್ಧ ಸಾಹಿತಿ. ಬರಹದ ಬಲವನ್ನು ಕಂಡು ಬೆರಗಾದವನೂ ಅವನೇ, ಅದರ ಪರಿಣಾಮಕ್ಕೆ ಹೆದರಿದವನೂ ಅವನೇ. ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡು, ಊರುಗಳ ಹೆಸರುಗಳಿದ್ದ ಕಡೆ ಚುಕ್ಕಿಗಳನ್ನು ಹಾಕಿಸಿ, ಬಡವರ ಕೈಗೆ ಸುಲಭವಾಗಿ ಸಿಗದಂತೆ ದುಬಾರಿ ಬೆಲೆಯಲ್ಲಿ ಹೊರತಂದ. ಡೆಕ್ಕರ್ ನ್ಯಾಯಾಲಯಕ್ಕೆ ಹೋಗಿ ಸೋತ. ಇಂಥದ್ದೇ ಊರಿನಲ್ಲಿ ಇಂಥವರಿಗೆ ಅನ್ಯಾಯವಾಗಿದೆ ಎಂದು ಕೂಗಿ ಹೇಳುವುದೇ ಪುಸ್ತಕದ ಉದ್ದೇಶವಾಗಿದ್ದಾಗ, ಊರಿನ ಹೆಸರನ್ನೇ ತೆಗೆದರೆ ಉಳಿಯುವುದು ಒಂದು ಚೆಂದದ ಕಥೆ ಮಾತ್ರ. ಲೇಖಕನೇ ತಿದ್ದಿ ಟಿಪ್ಪಣಿ ಸೇರಿಸಿದ ಆವೃತ್ತಿ ಬರಲು 1875ರವರೆಗೆ ಕಾಯಬೇಕಾಯಿತು. ಆ ಚುಕ್ಕಿಗಳ ಸಾಲನ್ನು ಪುಟದ ಮೇಲೆ ಕಣ್ಣಾರೆ ನೋಡಲು ಸಿಕ್ಕರೆ, ಡಚ್ ಬಾರದಿದ್ದರೂ ಓದಬಹುದಾದ ಭಾಗ ಅದೊಂದೇ.

ಹುಟ್ಟಿದ ಮನೆಗಳನ್ನು ಕಾಯುವವರು ಸಹಜವಾಗಿ ಅಭಿಮಾನಿಗಳಾಗಿರುತ್ತಾರೆ. ನೀವು ಅಷ್ಟು ಭಕ್ತಿಯಿಂದ ಹೋಗಬೇಕಾಗಿಲ್ಲ. ಡೆಕ್ಕರ್ ಜೂಜುಕೋರ, ಜರ್ಮನಿಯ ಜೂಜುಕಟ್ಟೆಗಳಲ್ಲಿ ಹಣ ಕಳೆದವನು. ಹೆಂಡತಿ ತೀನಳನ್ನೂ ಇಬ್ಬರು ಮಕ್ಕಳನ್ನೂ ವರ್ಷಗಟ್ಟಲೆ ಬಡತನಕ್ಕೆ ಬಿಟ್ಟ; ಆಕೆ 1874ರಲ್ಲಿ ಇಟಲಿಯಲ್ಲಿ ತೀರಿಕೊಂಡಳು. ಇನ್ನೂ ಮುಖ್ಯವಾದ ಮಾತೆಂದರೆ, ಅವನು ಡಚ್ಚರು ಜಾವಾ ಬಿಟ್ಟು ಹೋಗಬೇಕೆಂದು ಹೇಳಿದವನಲ್ಲ, ಚೆನ್ನಾಗಿ ಆಳಬೇಕೆಂದು ಹೇಳಿದವನು. ಕಾದಂಬರಿಯ ಕೊನೆಯಲ್ಲಿ ಪಾತ್ರಗಳನ್ನೆಲ್ಲ ಬದಿಗೆ ಸರಿಸಿ ತಾನೇ ಲೇಖನಿ ಹಿಡಿದು ಅವನು ಮೊರೆಯಿಡುವುದು ಕೂಡ ಡಚ್ ರಾಜ ಮೂರನೆಯ ವಿಲಿಯಮ್‌ಗೆ. ಆದರೂ ಆ ಪುಸ್ತಕ ಲೇಖಕನ ಉದ್ದೇಶವನ್ನು ದಾಟಿ ನಡೆಯಿತು. ಇಂಡೋನೇಷ್ಯಾದ ದೊಡ್ಡ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ 1999ರಲ್ಲಿ ಅದನ್ನು ವಸಾಹತುಶಾಹಿಯನ್ನು ಕೊಂದ ಪುಸ್ತಕವೆಂದು ಕರೆದರು. ಡೆಕ್ಕರನ ಅಣ್ಣನ ಮೊಮ್ಮಗ ಅರ್ನೆಸ್ಟ್ ಡೌವೆಸ್ ಡೆಕ್ಕರ್ 1912ರಲ್ಲಿ ಜಾವಾದಲ್ಲಿ ಸ್ವಾತಂತ್ರ್ಯ ಬೇಡುವ ಪಕ್ಷವನ್ನೇ ಕಟ್ಟಿದ. ಸಂಗ್ರಹಾಲಯದಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಈ ವಿಷಯವನ್ನೇ ಎತ್ತಿ. ಭಾರತದಿಂದ ಬಂದವರು ಕೇಳಿದರೆ ಉತ್ತರಕ್ಕೆ ಇನ್ನೊಂದು ಮಗ್ಗುಲು ಬರುತ್ತದೆ.

ನಿಮ್ಮ ತೋಟಕ್ಕೂ ಆ ಮನೆಗೂ ಇರುವ ನಂಟು ಮಾತ್ರ ಕಾದಂಬರಿಗಿಂತ ಹಳೆಯದು. ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಜಾವಾಕ್ಕೆ ಮೊದಲ ಕಾಫಿ ಸಸಿಗಳನ್ನು ಒಯ್ದದ್ದು ಮಲಬಾರ್ ತೀರದಿಂದ, 1696ರಲ್ಲಿ. ಆ ಸಸಿಗಳು ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಮತ್ತೆ ಒಯ್ದವು ಬೇರೂರಿದವು. 1706ರಲ್ಲಿ ಜಾವಾದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಬಂತು. ಆ ಉದ್ಯಾನ ಇಂದಿಗೂ ತೆರೆದಿದೆ, ಒಂದು ಬೆಳಗ್ಗೆ ಅಲ್ಲಿಗೂ ಹೋಗಬಹುದು. ಇದನ್ನು ಕೇಳಿದೊಡನೆ ಬಾಬಾಬುಡನ್ ತಂದ ಏಳು ಬೀಜಗಳೇ ಜಾವಾ ಸೇರಿದವೆಂದು ಅಲ್ಲಿಯವರಿಗೆ ಹೇಳಿಬಿಡುವ ಉತ್ಸಾಹ ನಮ್ಮವರಿಗೆ ಬರುವುದುಂಟು. ದಯವಿಟ್ಟು ತಡೆದುಕೊಳ್ಳಿ: ಮಲಬಾರಿನಿಂದ ಹೋದದ್ದು ದಾಖಲೆ, ಗಿರಿಯ ಬೀಜಗಳದ್ದು ಐತಿಹ್ಯ.

ಹೋಗುವ ದಾರಿ ಸುಲಭ. ಸೆಂಟ್ರಲ್ ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಸಿಂಗಲ್ ಕಾಲುವೆಯ ಪಕ್ಕದ ಕಿರಿದಾದ ಓಣಿಗಳಲ್ಲಿ ಒಂದು. ಒಂದು ವಿಷಯವನ್ನು ಮುಜುಗರವಿಲ್ಲದೆ ಹೇಳಿಬಿಡುವುದು ಒಳ್ಳೆಯದು: ಆ ಆಸುಪಾಸಿನ ಓಣಿಗಳಲ್ಲಿ ಕೆಂಪು ದೀಪದ ಕಿಟಕಿಗಳಿವೆ, ಒಳಗೆ ಹೆಂಗಸರು ಗಿರಾಕಿಗಳಿಗಾಗಿ ನಿಂತಿರುತ್ತಾರೆ. ಅದು ಅಲ್ಲಿ ಕಾನೂನಿಗೆ ಒಳಪಟ್ಟ ವೃತ್ತಿ. ಮೊಮ್ಮಕ್ಕಳನ್ನು ಕರೆದೊಯ್ಯುವುದಾದರೆ ಮೊದಲೇ ಮಗಳಿಗೆ ತಿಳಿಸಿ. ಓಣಿಯ ಚಿತ್ರ ತೆಗೆಯುವಾಗ ಆ ಕಿಟಕಿಗಳ ಕಡೆ ಮೊಬೈಲ್ ತಿರುಗಿಸಬೇಡಿ. ಸಂಗ್ರಹಾಲಯವನ್ನು ನಡೆಸುವವರು ಬಹುಮಟ್ಟಿಗೆ ಸ್ವಯಂಸೇವಕರಾದ್ದರಿಂದ ವಾರದ ಎಲ್ಲ ದಿನವೂ ಬಾಗಿಲು ತೆರೆದಿರುವುದಿಲ್ಲ. ಮೊದಲ ಸಲ ನಾನು ದಿನವನ್ನು ನೋಡಿಕೊಳ್ಳದೆ ಹೋಗಿ, ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಬಾಗಿಲಿನ ಹೆಸರನ್ನಷ್ಟೇ ಓದಿ ಬಂದೆ. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಆ ವಾರದ ವೇಳೆಯನ್ನು ನೋಡಿ, ಇಂಗ್ಲಿಷಿನಲ್ಲಿ ಎರಡು ಸಾಲಿನ ಇಮೇಲ್ ಕಳುಹಿಸಿ. ಚಿಕ್ಕ ಮನೆಗಳ ದೊಡ್ಡ ಅನುಕೂಲ ಅದೇ: ಬರೆದವರಿಗೆ ಯಾರಾದರೂ ಉತ್ತರ ಕೊಡುತ್ತಾರೆ, ಬಂದ ದಿನ ಗುರುತು ಹಿಡಿಯುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಹಳೆಯ ಮನೆಗಳ ಮೆಟ್ಟಿಲುಗಳು ನಮ್ಮ ಅಟ್ಟದ ಏಣಿಯಂತೆ ಕಡಿದಾಗಿರುತ್ತವೆ. ಮಂಡಿ ನೋವಿದ್ದರೆ ಅದನ್ನೂ ಇಮೇಲ್‌ನಲ್ಲಿ ಕೇಳಿಕೊಳ್ಳಿ.

ಮನೆಯಿಂದ ಹೊರಬಂದ ಮೇಲೆ ನೇರವಾಗಿ ಟ್ರಾಮ್ ಹತ್ತಬೇಡಿ. ಸಿಂಗಲ್ ಕಾಲುವೆಯ ದಂಡೆಯಲ್ಲಿ ಐದು ನಿಮಿಷ ನಡೆದರೆ ತೋರನ್‌ಸ್ಲೌಸ್ ಎಂಬ ಅಗಲವಾದ ಹಳೆಯ ಸೇತುವೆ ಸಿಗುತ್ತದೆ. ಅದರ ಮೇಲೆ ಹಾನ್ಸ್ ಬೇಯನ್ಸ್ ಎಂಬ ಶಿಲ್ಪಿ ಮಾಡಿದ ಮುಲ್ತಾತುಲಿಯ ಪ್ರತಿಮೆಯಿದೆ. 1987ರಲ್ಲಿ ರಾಣಿ ಬೇಆಟ್ರಿಕ್ಸ್ ಅನಾವರಣ ಮಾಡಿದರು. ರಾಜನಿಗೆ ಮೊರೆಯಿಟ್ಟು ಉತ್ತರ ಪಡೆಯದವನಿಗೆ ನೂರು ವರ್ಷದ ಮೇಲೆ ಅದೇ ಮನೆತನದ ರಾಣಿ ಬಂದು ಪರದೆ ಸರಿಸಿದ್ದನ್ನು ನೆನೆದರೆ ನಗು ಬರುತ್ತದೆ. ಸೇತುವೆ ದಾಟಿ ಯೋರ್ಡಾನ್ ಬಡಾವಣೆಯೊಳಗೆ ಹೊಕ್ಕರೆ ತೇಯೋ ತೈಸನ್ ಸಂಗ್ರಹಾಲಯ ಸಿಗುತ್ತದೆ. ಅದೂ ಲೇಖಕ ಹುಟ್ಟಿದ ಮನೆಯೇ, ಇನ್ನೂ ಚಿಕ್ಕದು. ತೈಸನ್ ಬಡವರ ಮಕ್ಕಳಿಗೆ ಪಾಠ ಹೇಳಿದ ಶಾಲಾ ಮೇಷ್ಟ್ರು. ಮೇಷ್ಟ್ರಾಗಿದ್ದ ನಿಮಗೆ ಮುಲ್ತಾತುಲಿಗಿಂತ ಅವನೇ ಹೆಚ್ಚು ಹತ್ತಿರದವನಾದರೆ ನನಗೆ ಆಶ್ಚರ್ಯವಿಲ್ಲ. ಅಲ್ಲಿಂದ ಮುಂದೆ ಲೌರಿರ್ ಕಾಲುವೆಯವರೆಗೆ ನಡೆದು 37ನೆಯ ಸಂಖ್ಯೆಯನ್ನು ಹುಡುಕಿ. ಅದು ಯಾರದೋ ವಾಸದ ಜಾಗ, ನೋಡುವುದಕ್ಕೆ ವಿಶೇಷವೇನೂ ಇಲ್ಲ. ಇಲ್ಲದ ಮನುಷ್ಯನೊಬ್ಬನ ನಿಜವಾದ ವಿಳಾಸದ ಮುಂದೆ ಒಂದು ನಿಮಿಷ ನಿಲ್ಲುವುದೇ ಒಂದು ಮಜ.

ಮೂರು ವಾರಗಳಲ್ಲಿ ಇನ್ನೊಂದು ದಿನ ಬಿಡುವಾದರೆ ಲೈಡನ್ ಬಳಿಯ ರೈನ್ಸ್‌ಬರ್ಖ್‌ಗೆ ಹೋಗಿ. ತತ್ವಜ್ಞಾನಿ ಸ್ಪಿನೋಜಾ 1661ರಿಂದ 1663ರವರೆಗೆ ಬಾಡಿಗೆಗಿದ್ದ ಮನೆ ಅಲ್ಲಿದೆ. ಅವನು ಸತ್ತಾಗ ಮಾಡಿದ ಆಸ್ತಿಪಟ್ಟಿಯನ್ನು ಇಟ್ಟುಕೊಂಡು ಅವನ ಬಳಿ ಇದ್ದ ಪುಸ್ತಕಗಳ ಹಳೆಯ ಪ್ರತಿಗಳನ್ನು ಹುಡುಕಿ ತಂದು ಜೋಡಿಸಿದ್ದಾರೆ. 1920ರಲ್ಲಿ ಐನ್‌ಸ್ಟೈನ್ ಬಂದು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದ್ದಾರೆ. ಮುಲ್ತಾತುಲಿಯ ವಿಷಯದಲ್ಲಿ ಮನಸ್ಸು ಇನ್ನೂ ಮುಂದಕ್ಕೆ ಎಳೆದರೆ ಅದಕ್ಕೆ ಯೂರೋಪು ಸಾಲದು: ಲೆಬಾಕ್‌ನ ಕೇಂದ್ರವಾದ ರಂಗ್ಕಾಸ್‌ಬಿತುಂಗ್ ಪಟ್ಟಣದಲ್ಲಿ 2018ರಲ್ಲಿ ಇಂಡೋನೇಷ್ಯಾದವರೇ ಅವನ ಹೆಸರಿನ ಸಂಗ್ರಹಾಲಯವನ್ನು ತೆರೆದಿದ್ದಾರೆ. ಅಲ್ಲಿ ಅವನ ಪ್ರತಿಮೆಯ ಜೊತೆಗೆ ಸೈಜಾ ಮತ್ತು ಅದಿಂದಾರ ಪ್ರತಿಮೆಗಳೂ ಇವೆ. ಆಮ್‌ಸ್ಟರ್‌ಡ್ಯಾಮಿನ ಸೇತುವೆಯ ಮೇಲೆ ಅವನು ಒಬ್ಬನೇ.

ಕಾಫಿ ಪುಡಿಯ ಬಗ್ಗೆ ಕೇಳಿದ್ದೀರಿ. ಧಾರಾಳವಾಗಿ ಒಯ್ಯಿರಿ. ಹಸಿ ಬೀಜ ಬೇಡ, ಹುರಿದದ್ದು ಇರಲಿ. ಅಲ್ಲಿ ನಮ್ಮ ಫಿಲ್ಟರ್ ಇರುವುದಿಲ್ಲವಾದ್ದರಿಂದ ಕಾಗದದ ಸೋಸಿಗೆ ಆಗುವಂತೆ ಸ್ವಲ್ಪ ದಪ್ಪಗೆ ಬೀಸಿಸಿ. ಚಿಕೋರಿ ಬೆರೆಸಬೇಡಿ. ಪೊಟ್ಟಣದ ಮೇಲೆ ನಿಮ್ಮ ಊರಿನ ಹೆಸರನ್ನು ದೊಡ್ಡದಾಗಿ, ಚುಕ್ಕಿಗಳಿಲ್ಲದೆ ಬರೆಯಿರಿ.